ಶಿಫಾರಸು ಪತ್ರಕ್ಕೆ ಹೂವು ಹಣ್ಣು

ಎಂಥ ಕೆಲಸವನ್ನಾದರೂ ಬರೀ ಮಾತಿನಲ್ಲೇ ಮುಗಿಸಿಕೊಂಡು ಬರುವವನು ಶಿಡ್ಲಘಟ್ಟದಲ್ಲಿ ಒಬ್ಬನೇ ಇದ್ದಾನೆ. ಅವನು ನಾನು. ಇದು ಊರಿಗೆಲ್ಲ ಗೊತ್ತು, ಯಾಕೆಂದರೆ ನಾನೇ ಹೇಳಿದ್ದೇನೆ.

ಮೊಮ್ಮಗಳು ಸಿಂಧು ಜರ್ಮನಿಯಲ್ಲಿ ಎಂಎಸ್ಸಿ ಓದಲು ಅರ್ಜಿ ಹಾಕಿದ್ದಳು. ಅದಕ್ಕೆ ಪಾಠ ಹೇಳಿದ ಇಬ್ಬರು ಪ್ರೊಫೆಸರುಗಳ ಶಿಫಾರಸು ಪತ್ರ ಬೇಕಂತೆ. ಒಂದು ಬಂದಿತ್ತು. ಇನ್ನೊಂದನ್ನು ಕೊಡಬೇಕಾದ ಚಿಕ್ಕಬಳ್ಳಾಪುರದ ಗೋಪಾಲಪ್ಪನವರಿಂದ ಮೇಲ್‌ಗೆ ಉತ್ತರವೇ ಇಲ್ಲ. ಮಾರನೆಯ ದಿನವೇ ಕಡೇ ದಿನ. ಹುಡುಗಿ ಊಟ ಬಿಟ್ಟು ಫೋನು ನೋಡುತ್ತಾ ಕೂತಿದ್ದಳು.

"ನಾನು ಹೋಗಿ ತರ್ತೀನಿ ಕಣಮ್ಮ," ಎಂದೆ.

"ಬೇಡ ತಾತ. ಮನೆಗೆಲ್ಲ ಹೋಗ್ಬಾರ್ದು. ಇನ್ನೊಂದ್ಸಲ ಮೇಲ್ ಹಾಕ್ತೀನಿ."

"ದೊಡ್ಡೋರ ಹತ್ರ ಮೇಲಲ್ಲಿ ಕೇಳಿದ್ರೆ ಯಾರು ಕೊಡ್ತಾರೆ? ಮರ್ಯಾದೆಯಾಗಿ ಹೋಗಿ ಕೇಳ್ಬೇಕು."

ಬೆಳಿಗ್ಗೆ ಹೆಂಡತಿ ಜಯಮ್ಮನಿಗೆ ರೇಷ್ಮೆ ಸೀರೆ ಉಡಲು ಹೇಳಿ ಹೊರಡಿಸಿದೆ. ದೊಡ್ಡ ತಟ್ಟೆ, ತೆಂಗಿನಕಾಯಿ, ಎಲೆ ಅಡಿಕೆ, ಹೂವು, ದ್ರಾಕ್ಷಿ. ಮೇಷ್ಟ್ರು ಎಷ್ಟೋ ಮಕ್ಕಳನ್ನು ನೋಡಿದವರು, ಮುಖ ಮರೆತಿರಬಹುದೆಂದು ಸಿಂಧು ಸೀರೆ ಉಟ್ಟಿದ್ದ ಫೋಟೋ ಇಟ್ಟುಕೊಂಡೆ. ಜೊತೆಗೆ ಮಾರ್ಕ್ಸ್ ಕಾರ್ಡು.

"ನೀವು ಬಾಯಿ ಮುಚ್ಕೊಂಡಿದ್ರೇ ಅರ್ಧ ಕೆಲ್ಸ ಆಗೋಗುತ್ತೆ," ಎಂದಳು ಜಯಮ್ಮ ಬಸ್ಸಿನಲ್ಲಿ.

ನಾವು ಮನೆ ತಲುಪಿದಾಗ ಗೋಪಾಲಪ್ಪ ಮೇಷ್ಟ್ರು ತರಕಾರಿಗೆ ಹೋಗಿದ್ದರು. ಅವರ ಹೆಂಡತಿ ಸರೋಜಮ್ಮ ಬಾಗಿಲು ತೆಗೆದರು. ತಟ್ಟೆ ನೋಡಿದರು, ಜಯಮ್ಮನ ಸೀರೆ ನೋಡಿದರು, ಫೋಟೋ ನೋಡಿದರು. ಮುಖ ಅರಳಿತು. ಐದೇ ನಿಮಿಷಕ್ಕೆ ಅಡಿಗೆಮನೆಯಿಂದ ತುಪ್ಪದ ವಾಸನೆ ಬಂತು.

"ಹುಡುಗಿ ಲಕ್ಷಣವಾಗಿದ್ದಾಳೆ. ನಕ್ಷತ್ರ ಯಾವ್ದು?"

ಜರ್ಮನಿಯವರು ನಕ್ಷತ್ರವನ್ನೂ ಕೇಳುತ್ತಾರೆಯೇ ಎಂದುಕೊಂಡೆ.

"ನಮ್ಮ ಮಂಜು ಬ್ಯಾಂಕಲ್ಲಿದ್ದಾನೆ. ಒಬ್ನೇ ಮಗ. ಹೆಣ್ಣು ಹುಡುಕಿ ಹುಡುಕಿ ಸಾಕಾಗಿತ್ತು, ನೀವೇ ಬಂದ್ರಿ."

ಆಗ ಅರ್ಥವಾಯಿತು. ಮರ್ಯಾದಸ್ಥನಾಗಿದ್ದರೆ ಅಲ್ಲೇ ನಿಜ ಹೇಳುತ್ತಿದ್ದ. ಆದರೆ ಅಷ್ಟರಲ್ಲಿ ಕೇಸರಿಬಾತು ಬಂದಿತ್ತು, ನನ್ನ ನಾಲಿಗೆಯೂ ಕಡಿಯತೊಡಗಿತ್ತು.

"ರೋಹಿಣಿ," ಎಂದೆ.

ಜಯಮ್ಮ ನನ್ನ ತೊಡೆ ಚಿವುಟಿದಳು.

"ಅಡಿಗೆ ಬರುತ್ತಾ?"

"ಇಡೀ ಬೀದಿಗೆ ಬಡಿಸ್ತಾಳೆ," ಎಂದೆ. ಸಿಂಧು ಹಾಲು ಕಾಯಿಸಲು ಹೋಗಿ ಪಾತ್ರೆಯ ತಳ ತೂತು ಮಾಡಿದವಳು.

ಎರಡನೇ ಸಲ ಕೇಸರಿಬಾತು ಬಡಿಸುವಾಗ ಮೇಷ್ಟ್ರು ಬಂದರು.

"ಏನ್ರೀ, ಇಲ್ನೋಡಿ, ಮಂಜುಗೆ ಹೆಣ್ಣು!" ಎಂದರು ಸರೋಜಮ್ಮ.

ಮೇಷ್ಟ್ರು ಫೋಟೋ ನೋಡಿದರು. "ಅರೆ, ಸಿಂಧು! ಬಂಗಾರದಂಥ ಹುಡುಗಿ. ಜರ್ಮನಿಗೆ ಪತ್ರ ಬೇಕು ಅಂತ ಮೇಲ್ ಹಾಕಿದ್ಲು. ಇವತ್ತು ಕೂತು ಬರೀಬೇಕು ಅಂತಿದ್ದೆ. ಮದುವೆಗೆ ಒಪ್ಕೊಂಡ್ಲಾ?"

"ಮತ್ತೆ ಪತ್ರ ಯಾಕ್ರೀ? ಸೊಸೆನ ಜರ್ಮನಿಗೆ ಕಳ್ಸಿ ನಾವಿಲ್ಲಿ ಮುಖ ನೋಡ್ಕೊಂಡಿರೋದಾ?" ಎಂದರು ಸರೋಜಮ್ಮ.

"ಅದೂ ಸರಿಯೇ," ಎಂದು ಮೇಷ್ಟ್ರು ಆಗಲೇ ಹೊರಗೆ ತೆಗೆದಿದ್ದ ಲ್ಯಾಪ್‌ಟಾಪನ್ನು ಮತ್ತೆ ಬೀರುವಿನಲ್ಲಿಟ್ಟರು.

ನಾನು ಬರದಿದ್ದರೆ ತಾನಾಗಿಯೇ ಬರುತ್ತಿದ್ದ ಪತ್ರವನ್ನು, ಬಸ್ ಹತ್ತಿ ಬಂದು, ಹೂವು ಹಣ್ಣು ಕೊಟ್ಟು ನಿಲ್ಲಿಸಿದ್ದೆ.

"ಅಲ್ಲ ಸಾರ್... ಪತ್ರಕ್ಕೇ ಬಂದಿದ್ದು. ನಕ್ಷತ್ರ ಸುಮ್ನೆ ತಮಾಷೆಗೆ..."

ಸರೋಜಮ್ಮ ನನ್ನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು. ಅದರಲ್ಲಿ ಇನ್ನೂ ಎರಡು ತುತ್ತು ಇತ್ತು.

ಜಯಮ್ಮ ಎದ್ದು ಕೈಮುಗಿದಳು. "ಸಾರ್, ತಪ್ಪು ಈ ಮನುಷ್ಯಂದು. ಮಗುದೇನೂ ಇಲ್ಲ. ಇವತ್ತೇ ಕಡೇ ದಿನ, ಅನ್ನ ಬಿಟ್ಟು ಕೂತವಳೆ."

ಮೇಷ್ಟ್ರು ಮತ್ತೆ ಲ್ಯಾಪ್‌ಟಾಪ್ ತೆಗೆದು ಟೈಪು ಮಾಡಲು ಶುರು ಮಾಡಿದರು. ಮಧ್ಯೆ ಒಂದು ಕಡೆ ಟೈಪು ನಿಲ್ಲಿಸಿ, ಜರ್ಮನಿಯವರ ಪ್ರಶ್ನೆಯೊಂದನ್ನು ಕನ್ನಡದಲ್ಲಿ ಜೋರಾಗಿ ಹೇಳಿದರು.

"ಕಷ್ಟದ ಪರಿಸ್ಥಿತಿಲಿ ಈ ವಿದ್ಯಾರ್ಥಿಯ ತಾಳ್ಮೆ ಹೇಗಿದೆ, ಅಂತ ಕೇಳವ್ರೆ."

ನನ್ನ ಕಡೆ ಒಮ್ಮೆ ನೋಡಿ, 'ಅತ್ಯುತ್ತಮ' ಎಂಬಲ್ಲಿ ಒತ್ತಿದರು.

"ಅದಕ್ಕಿಂತ ಮೇಲಿಂದು ಇಲ್ವಾ ಸಾರ್?" ಎಂದಳು ಜಯಮ್ಮ.