ಮೆಟ್ರಿಕ್ ಪಾಸ್ ಅಳಿಯ

ಮದುವೆ ಮನೆಗಳಿಗೆ ಮೈಕ್ ಕಟ್ಟುವವನ ಹಿಂದೆ ಫಜೀತಿಗಳು ಕರೆಯದೆಯೇ ಬರುತ್ತವೆ. ಅಂಥವನು ಎಸ್ಸೆಸ್ಸೆಲ್ಸಿ ನಪಾಸಾಗಿಯೂ ಪಾಸ್ ಅಂತ ಹೇಳಿ ಹೆಣ್ಣು ತಂದಿದ್ದರೆ, ಅವು ಮನೆಯಲ್ಲೇ ಬಿಡಾರ ಹೂಡುತ್ತವೆ. ನನ್ನ ಮನೆಯಲ್ಲಿ ಹದಿನೇಳು ವರ್ಷ ಹೂಡಿದ್ದವು.

ಗಂಟೆ ಕದ್ದದ್ದು

ನನ್ನೂರು ಕಿಣ್ಣಿ ಸುಲ್ತಾನ. ಆಳಂದದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಚಿಕ್ಕಮ್ಮ ಊರಿಗೆ ಹೇಳಿ ಕಳಿಸುತ್ತಿದ್ದ ಮಾತು. ಶಾಲೆಯ ಬೇವಿನ ಮರಕ್ಕೆ ರೈಲು ಹಳಿಯ ಒಂದು ತುಂಡು ತೂಗುಹಾಕಿದ್ದರು. ಅದೇ ನಮ್ಮ ಗಂಟೆ. ಗಂಟೆ ಇಲ್ಲದಿದ್ದರೆ ಶಾಲೆ ಶುರುವಾಗುವುದಾದರೂ ಹೇಗೆ ಎಂದು ಯೋಚಿಸಿ, ಒಂದು ಮುಂಜಾನೆ ಎಲ್ಲರಿಗಿಂತ ಮೊದಲು ಹೋಗಿ ಆ ಕಬ್ಬಿಣವನ್ನು ಬಿಚ್ಚಿದೆ. ಹಿಂದಿನ ಹೊಲದ ಜೋಳದ ಕಣಿಕಿ ಬಣವೆಯೊಳಗೆ ಹುಗಿದು, ಏನೂ ಅರಿಯದವನಂತೆ ಬಂದು ಸಾಲಿನಲ್ಲಿ ನಿಂತೆ.

ಶಾಲೆ ಶುರುವಾಯಿತು. ಆದರೆ ಮುಗಿಯಲಿಲ್ಲ. ಮೊದಲ ಪಿರಿಯಡ್ ಗಣಿತ. ಮಾಸ್ತರರ ಹತ್ತಿರ ಗಡಿಯಾರವಿರಲಿಲ್ಲ, ಗಂಟೆ ಬಾರಿಸದೆ ಅವರು ಹೊರಗೆ ಹೋಗುವವರೂ ಅಲ್ಲ. ಬೆಳಿಗ್ಗೆ ಹಿಡಿದ ಬೀಜಗಣಿತವನ್ನು ಮಧ್ಯಾಹ್ನ ಹಸಿವಾದಾಗಲೇ ಕೆಳಗಿಟ್ಟರು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಮಾಸ್ತರರು, ಇಷ್ಟು ವರ್ಷದಲ್ಲಿ ಈಗಲೇ ಪಾಠ ಸರಿಯಾಗಿ ನಡೆಯುತ್ತಿದೆ, ಗಂಟೆ ಸಿಗದಿದ್ದರೂ ಚಿಂತೆಯಿಲ್ಲ ಎಂದು ಹೆಡ್ ಮಾಸ್ತರರಿಗೆ ಹೇಳಿದರಂತೆ.

ನಾಲ್ಕನೆಯ ದಿನ ಇಡೀ ತರಗತಿ ಚಂದಾ ಎತ್ತಿ ಹೊಸ ಗಂಟೆ ಕೊಳ್ಳಲು ಹೊರಟಿತು. ಎಲ್ಲರಿಗಿಂತ ಮೊದಲು ನಾಲ್ಕಾಣೆ ಕೊಟ್ಟವನು ನಾನೇ.

ಖಜೂರಿಯ ಅಕ್ಕಿಕಾಳು

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡರಲ್ಲೂ ನಪಾಸಾದೆ. ಆಳಂದದ ಮೈಕ್ ಸೆಟ್ ಮಾಲೀಕರ ಬಳಿ ಕೆಲಸಕ್ಕೆ ನಿಂತೆ. ಊರೆಲ್ಲ ಅವರನ್ನು ಚಾಚಾ ಅನ್ನುತ್ತಿತ್ತು, ನಾನೂ ಅಂದೆ. ಅವರ ಆಂಪ್ಲಿಫೈಯರ್ ನಮ್ಮಪ್ಪನ ಎತ್ತಿಗಿಂತ ಹೆಚ್ಚು ಆರೈಕೆ ಕಂಡಿತ್ತು.

ಖಜೂರಿಯಲ್ಲಿ ಒಂದೇ ಓಣಿಯಲ್ಲಿ ಒಂದೇ ದಿನ ಎರಡು ಮದುವೆ. ಒಂದಕ್ಕೆ ನಮ್ಮ ಮೈಕು. ಇನ್ನೊಂದು ಮನೆಯವರು, ನಮ್ಮ ಭಟ್ಟರ ಗಂಟಲೇ ಸಾಕು, ಮೈಕ್ ಯಾಕೆ ಎಂದಿದ್ದರಂತೆ. ನನಗೆ ಸಿಟ್ಟು ಬಂತು. ಬೆಳಿಗ್ಗೆ ಕಂಬ ಹತ್ತಿದವನು ಹಾರ್ನಿನ ಬಾಯನ್ನು ಸೀದಾ ಅವರ ಹಂದರದ ಕಡೆ ತಿರುಗಿಸಿ ಕಟ್ಟಿದೆ.

ನಮ್ಮ ಕಡೆ ಮಂಗಳಾಷ್ಟಕ ಮುಗಿದು 'ಸಾವಧಾನ' ಎಂದದ್ದೇ ತಡ, ಆಚೆ ಹಂದರದವರೂ ಕೈಯಲ್ಲಿದ್ದ ಅಕ್ಕಿಕಾಳನ್ನು ಎಸೆದುಬಿಟ್ಟರು. ಅವರ ಬ್ಯಾಂಡೂ ಬಾರಿಸಿತು. ಅಕ್ಕಿಕಾಳು ಬಿದ್ದ ಮೇಲೆ ನಮ್ಮ ಸೀಮೆಯ ಮಂದಿ ಯಾರಿಗಾಗಿಯೂ ಕಾಯುವುದಿಲ್ಲ, ಸೀದಾ ಊಟಕ್ಕೆ ನಡೆಯುತ್ತಾರೆ. ಅವರೂ ನಡೆದರು. ಮದುಮಗಳೊಬ್ಬಳೇ ತಲೆಯ ತುಂಬ ಅಕ್ಕಿ ಹೊತ್ತು ನಿಂತಿದ್ದಳು. ಮದುಮಗ ಇನ್ನೂ ಹಣಮಂತ ದೇವರ ಗುಡಿಯ ಮುಂದೆ ಕುದುರೆ ಹತ್ತುತ್ತಿದ್ದ. ಅವನು ಬಂದು ಇಳಿಯುವಷ್ಟರಲ್ಲಿ ಮೊದಲ ಪಂಕ್ತಿಯವರು ಕೈ ತೊಳೆಯುತ್ತಿದ್ದರು.

ಮದುಮಗನ ತಂದೆ ಕೋಲು ಹಿಡಿದು ನಮ್ಮ ಹತ್ತಿರ ಬಂದರು. ನಾನು ಕಂಬದ ಮೇಲೆಯೇ ಉಳಿದೆ. ಚಾಚಾ ಮಾತ್ರ ಎದ್ದು ನಿಂತು ಸಲಾಮು ಮಾಡಿ ಹೇಳಿದರು: "ನಮ್ ಆವಾಜ್ ಎಷ್ಟು ಸಾಫ್ ಅದ ನೋಡ್ರಿ ಮಾಲಕ. ಮುಂದಿನ ಮಗನ ಮದುವಿಗಿ ನಮ್ಮನ್ನೇ ಕರೀರಿ."

ಹೆಣ್ಣು ಕೇಳಲು ಹೋದದ್ದು

ಜೇವರ್ಗಿಯ ಹೆದ್ದಾರಿ ಬದಿಯಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟುಕೊಂಡಿದ್ದ ಸಾವಕಾರರ ಮಗಳು. ನೋಡಲು ನಾನು, ಅಪ್ಪ, ಚಾಚಾ ಹೋದೆವು. ಸಾವಕಾರರದು ಒಂದೇ ಹಟ, ಅಳಿಯ ಮೆಟ್ರಿಕ್ ಪಾಸಾಗಿರಬೇಕು. ಅಪ್ಪ ಸತ್ಯ ಹೇಳಲು ಬಾಯಿ ತೆರೆದರು. ಚಾಚಾ ಅದರೊಳಗೆ ತಟ್ಟೆಯಲ್ಲಿದ್ದ ಒಂದು ಉಂಡಿ ಇಟ್ಟು, "ಪಾಸ್ ಅದಾನ್ರಿ" ಅಂದುಬಿಟ್ಟರು.

ಸಾವಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಚಲೋ ಆತು. ಆದ್ರ ಸುಳ್ಳಂತ ಗೊತ್ತಾತಂದ್ರ, ಎಷ್ಟ ವರ್ಷ ಆಗಿರ್ಲಿ, ಮಗಳ ಟ್ರಂಕ್ ಹೊಳ್ಳಿ ಜೇವರ್ಗಿ ಬಸ್ ಹತ್ತತದ ನೋಡ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಚಾಚಾಗೆ ಬಾಯಿಗೆ ಬಂದಂತೆ ಬೈದರು. ಚಾಚಾ ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಒಂದಿಲ್ಲೊಂದಿನ ಆಗ್ತಾನ ತಗೋರಿ ಗೌಡ್ರ. ನಾ ಒಂದೀಟು ಮೊದಲೇ ಹೇಳೇನಿ, ಅಷ್ಟೇ."

ಅತ್ತೆಯ ಮೊಣಕಾಲು

ಮದುವೆಯಾದ ಮೇಲೆ ಜೇವರ್ಗಿಗೆ ಹೋದಾಗಲೆಲ್ಲ ಇಂಗ್ಲಿಷ್ ಇರುವ ವಸ್ತುಗಳನ್ನು ಮಾವ ನನಗಾಗಿಯೇ ತೆಗೆದಿಡುತ್ತಿದ್ದರು. ಒಮ್ಮೆ ಒಂದು ಔಷಧಿ ಬಾಟಲಿ ತಂದು ಮುಂದಿಟ್ಟರು. ಅತ್ತೆಗೆ ಕೆಮ್ಮೂ ಇತ್ತು, ಮೊಣಕಾಲು ನೋವೂ ಇತ್ತು. ಡಾಕ್ಟರು ಹೇಳಿದ್ದು ಮರೆತುಹೋಗಿತ್ತು. ಇದು ಯಾವುದಕ್ಕೆ ಓದಿ ಹೇಳು ಎಂದರು.

ನಾನು ಬಾಟಲಿಯನ್ನು ಬೆಳಕಿಗೆ ಹಿಡಿದೆ, ತಿರುಗಿಸಿದೆ, ಹುಬ್ಬು ಗಂಟು ಹಾಕಿದೆ. ಓಣಿಯ ನಾಲ್ಕು ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ನನ್ನ ಹೆಂಡತಿಯೂ ಹೆಮ್ಮೆಯಿಂದ ನಿಂತಿದ್ದಳು. ಗೊತ್ತಿಲ್ಲದ್ದನ್ನು ಕುಡಿಸುವುದಕ್ಕಿಂತ ಹಚ್ಚಿಸುವುದೇ ವಾಸಿ, ಜೀವಕ್ಕಂತೂ ಅಪಾಯವಿಲ್ಲ ಎಂದು ಧೈರ್ಯ ಮಾಡಿ, "ಮೊಣಕಾಲಿಗ್ರಿ. ದಿನಾ ಎರಡು ಸಲ ತಿಕ್ಕಬೇಕು" ಎಂದೆ.

ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕುಳಿತು, ಕೆಮ್ಮುತ್ತ, ಎರಡೂ ಮೊಣಕಾಲುಗಳನ್ನು ಸೆರಗಿನಿಂದ ಝಾಡಿಸುತ್ತಿದ್ದರು. "ಭಾಳ ಚಲೋ ಔಷಧ ಅಳಿಯಂದ್ರ," ಎಂದರು, "ನೋವು ಪೂರಾ ಹೋಗೇದ. ಇರುವಿ ಅಷ್ಟ ಬಿಡವಲ್ವು."

ಅಫಜಲಪುರದ ಏಳು ಮದುವೆಗಳು

ಮಗಳು ಎಸ್ಸೆಸ್ಸೆಲ್ಸಿಗೆ ಬಂದಳು. ಆಗ ತೊಂಬತ್ತರ ದಶಕ ಶುರುವಾಗಿತ್ತು. ನೀವೇ ಗಣಿತ ಹೇಳಿಕೊಡಿ ಎಂದು ಹೆಂಡತಿ ದಿನಾ ಬೆನ್ನು ಹತ್ತಿದಳು. ಇನ್ನು ತಪ್ಪಿಸಿಕೊಳ್ಳುವುದು ಕಷ್ಟ, ಟ್ರಂಕು ಬಸ್ಸು ಹತ್ತುವ ಮೊದಲು ನಿಜವಾಗಿಯೇ ಪಾಸಾಗಿಬಿಡಬೇಕು ಎಂದು ಯಾರಿಗೂ ಹೇಳದೆ ಪರೀಕ್ಷೆಗೆ ಕಟ್ಟಿದೆ. ಆಳಂದದಲ್ಲಿ ಬರೆದರೆ ಊರೆಲ್ಲ ನೋಡುತ್ತದೆ ಎಂದು ಅಫಜಲಪುರದಲ್ಲಿ ಬರೆಯಲು ಏರ್ಪಾಟು ಮಾಡಿಕೊಂಡೆ. ಹಳೆಯ ಎರಡು ವಿಷಯ ಸಾಲದು, ಈಗ ಎಲ್ಲವನ್ನೂ ಬರೆಯಬೇಕು ಎಂದು ಅಲ್ಲಿಯ ಶಾಲೆಯವರು ಹೇಳಿದರು. ಮನೆಯಲ್ಲಿ ಅಫಜಲಪುರದ ಮದುವೆಗಳಿಗೆ ಮೈಕ್ ಒಪ್ಪಿಕೊಂಡಿದ್ದೇನೆ ಎಂದೆ.

"ಏಳು ದಿನ ಏಳು ಮದುವಿ ಏನ್ರಿ?" ಎಂದಳು ಹೆಂಡತಿ. "ಹೋದ ವರ್ಷ ಆ ಊರಾಗ ಯಾರೂ ಮದುವಿನೇ ಆಗಿಲ್ಲೇನು?"

ಮೊದಲ ದಿನ ಧೋತರ, ಟೋಪಿ ಹಾಕಿಕೊಂಡು ಪರೀಕ್ಷೆಯ ಕೋಣೆಗೆ ಹೋದೆ. ಹುಡುಗರೆಲ್ಲ ದಡಬಡ ಎದ್ದು ನಿಂತು ನಮಸ್ಕಾರ ಹೇಳಿದರು. ಕೂಡ್ರಿ ಎಂದೆ, ಕೂತರು. ಆಮೇಲೆ ನಂಬರು ಹುಡುಕಿ ಮೂರನೆಯ ಬೆಂಚಿನಲ್ಲಿ ನಾನೂ ಕೂತೆ. ಪಕ್ಕದ ಹುಡುಗ ಕಾಲಡಿಯಿಂದ ಒಂದು ಚೀಟಿ ಮೆಲ್ಲಗೆ ತೆಗೆಯುತ್ತಿದ್ದವನು ನನ್ನನ್ನು ನೋಡಿ ಬೆವತುಬಿಟ್ಟ. "ಸರ್, ನೀವು ಅಲ್ಲಿ ಕುರ್ಚಿ ಮ್ಯಾಲ ಕೂಡ್ರಿ ಸರ್," ಎಂದ ಅಳುವ ದನಿಯಲ್ಲಿ. "ಇಷ್ಟು ಹತ್ರ ಕೂತು ಕಾದ್ರ ನಾವು ಬರಿಯೂದು ಹ್ಯಾಂಗ?"

ಪೇಢೆ

ಫಲಿತಾಂಶದ ಪೇಪರು ಬೆಳಗಿನ ಬಸ್ಸಿಗೆ ಬಂತು. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ನುಗ್ಗಿ ಮೊದಲು ಅಫಜಲಪುರದ ನಂಬರುಗಳನ್ನೇ ನೋಡಿದೆ. ಇತ್ತು. ನನ್ನ ನಂಬರು ಇತ್ತು. ಆಮೇಲೆ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಎರಡು ಕಿಲೋ ಪೇಢೆ ತೆಗೆದುಕೊಂಡೆ. ಯಾಕೆ ಎಂದು ಹೇಳುವ ಹಾಗಿಲ್ಲ, ಊರಿನ ಪಾಲಿಗೆ ನಾನು ಯಾವಾಗಲೋ ಪಾಸಾದವನು. ಮಗಳು ಪಾಸಾದಳು ಎನ್ನುತ್ತ ದಾರಿಯುದ್ದಕ್ಕೂ ಹಂಚಿ, ಚಾಚಾ ಬಾಯಿಗೂ ಒಂದು ಇಟ್ಟು, ಮನೆ ಮುಟ್ಟಿದೆ.

ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಮಗಳು ಅಳುತ್ತಿದ್ದಳು.

"ಹುಡುಗಿ ಗಣಿತದಾಗ ಹೋಗ್ಯಾಳ. ಸಾಲಿಗಿ ಹೋಗಿ ನೋಡಿ ಬಂದೇವಿ. ನೀವು ಪೇಢೆ ಹಂಚಾಕತ್ತೀರಿ?"

ಸುಳ್ಳು ಹುಡುಕಿದೆ. ಇಷ್ಟು ವರ್ಷ ಕೇಳಿದಾಗಲೆಲ್ಲ ಬಂದ ಸುಳ್ಳು ಅವತ್ತು ಒಂದೂ ಬರಲಿಲ್ಲ. ಉಂಡಿಯಿಂದ ಹಿಡಿದು ಏಳು ಮದುವೆಗಳವರೆಗೆ ಎಲ್ಲ ಹೇಳಿದೆ. ಅವಳು ನಂಬಲಿಲ್ಲ. ನೀವು ಪಾಸಾಗುವುದೆಂದರೇನು, ಹಾಲ್ ಟಿಕೆಟ್ ತೋರಿಸಿ ಎಂದಳು. ಮನೆಯಲ್ಲಿಟ್ಟಿದ್ದ ಚಾಚಾನ ಆಂಪ್ಲಿಫೈಯರಿನ ಪೆಟ್ಟಿಗೆ ತೆರೆದು, ತಳದಲ್ಲಿ ಬಚ್ಚಿಟ್ಟಿದ್ದ ಗಣಿತದ ಗೈಡು ತೆಗೆದು, ಅದರೊಳಗಿನ ಹಾಲ್ ಟಿಕೆಟ್ ಅವಳ ಕೈಗಿಟ್ಟೆ.

ಮಗಳು ಅಳು ನಿಲ್ಲಿಸಿದಳು. "ಅಪ್ಪಾ, ಆ ಗೈಡ್ ನಂದು."

ಎರಡು ತಿಂಗಳು ಮನೆಯೆಲ್ಲ ಹುಡುಕಿದ ಗೈಡು ಅದು. ಎದುರುಮನೆಯ ಹುಡುಗಿಯೇ ಕದ್ದಳೆಂದು ನನ್ನ ಹೆಂಡತಿ ಆ ಮನೆಯ ಜೊತೆ ಮಾತು ಬಿಟ್ಟಿದ್ದಳು. ಈಗ ಗೈಡನ್ನೂ ನನ್ನನ್ನೂ ಒಂದೊಂದು ಸಲ ನೋಡಿದಳು. ಒಳಗೆ ಮಂಚದ ಕೆಳಗಿನ ಟ್ರಂಕು ನನಗೆ ಇಲ್ಲಿಂದಲೇ ಕಾಣುತ್ತಿತ್ತು.

"ನಿಮ್ಮಪ್ಪಗ ಹೇಳ್ತೀ ಏನು?" ಎಂದೆ.

"ಏನಂತ ಹೇಳ್ಲಿ? ಅಳಿಯ ಪಾಸು, ಮೊಮ್ಮಗಳು ನಪಾಸು ಅಂತ ಹೇಳ್ಲೇನು?" ಗೈಡನ್ನು ಮಗಳ ಕೈಗೆ ಕೊಟ್ಟು, ನನ್ನ ಕೈಯಿಂದ ಪೇಢೆಯ ಪೊಟ್ಟಣ ಕಸಿದುಕೊಂಡಳು. "ಈ ಪುಸ್ತಕ ಆಕಿ ಕೈಯಾಗ ಇದ್ದಿದ್ರ ಆಕಿ ಪಾಸಾಗ್ತಿದ್ಳು, ನೀವು ನಪಾಸಾಗ್ತಿದ್ರಿ. ನಪಾಸ್ ಗಂಡಂತ ಗೊತ್ತಿದ್ದೂ ಹದಿನೇಳು ವರ್ಷ ಹೆಂಗ ನಡಸೇನೋ, ಹಂಗ ಮುಂದೂ ನಡಸ್ತಿದ್ದೆ."