ಎಡಕ್ಕೆ ಸುತ್ತಿದ ಜೀಪು

ನಮ್ಮ ಸೋದರಮಾವನ ಪ್ರಕಾರ ಜಗತ್ತಿನಲ್ಲಿ ಏನೂ ತಾನಾಗಿ ಆಗುವುದಿಲ್ಲ. ಹಾಲು ಉಕ್ಕಿದರೆ ಯಾರದೋ ತಪ್ಪು, ಬಸ್ಸು ತಪ್ಪಿದರೆ ಯಾರದೋ ತಪ್ಪು. ತಮಗೆ ನೆಗಡಿ ಬಂದರೂ ಅದನ್ನು ಮನೆಗೆ ತಂದವರು ಯಾರೆಂದು ಸಂಜೆಯೊಳಗೆ ಗೊತ್ತಾಗಬೇಕು. ಒಮ್ಮೆ ಹೊಸ್ತಿಲು ಎಡವಿ ಹೆಬ್ಬೆರಳು ಒಡೆದುಕೊಂಡರು. ಅತ್ತೆ ಅರಿಶಿನ ಹಿಡಿದು ನಿಂತಿದ್ದರೆ ಇವರು ರಕ್ತ ಸುರಿಸುತ್ತಲೇ ಕುಕ್ಕುರುಗಾಲಲ್ಲಿ ಕೂತು ಹೊಸ್ತಿಲಿನ ಎತ್ತರ ಅಳೆಯುತ್ತಿದ್ದರು. ಮೂವತ್ತು ವರ್ಷದ ಹಿಂದೆ ಅದನ್ನು ಕೂರಿಸಿದ ಬಡಗಿ ಅರ್ಧ ಅಂಗುಲ ಹೆಚ್ಚು ಬಿಟ್ಟಿದ್ದಾನೆಂದು ತೀರ್ಮಾನವಾದ ಮೇಲೆಯೇ ಅರಿಶಿನ ಹಚ್ಚಿಸಿಕೊಂಡದ್ದು. ಬಡಗಿ ಅಷ್ಟರಲ್ಲಿ ತೀರಿಕೊಂಡಿದ್ದ. ಅದು ಅವನ ಪುಣ್ಯ.

ಚನ್ನಗಿರಿಯಲ್ಲಿ ಮಾವನದು ಜವಳಿ ಅಂಗಡಿ. ಹಾಗಾಗಿ ಕೊರಳಲ್ಲಿ ಸದಾ ಅಳತೆಯ ಟೇಪು. ಮದುವೆ ಮನೆಗೂ ಅದನ್ನು ಹಾಕಿಕೊಂಡೇ ಹೋಗುತ್ತಿದ್ದರು. ಅಳೆಯುವ ಚಟ, ತಪ್ಪು ಹುಡುಕುವ ಚಟ ಎರಡೂ ಒಬ್ಬ ಮನುಷ್ಯನಲ್ಲೇ ಸೇರಿದರೆ ಅವನ ನೆಂಟರ ಗತಿ ಏನಾಗಬೇಕು? ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮಿಕ್ಕದ್ದನ್ನು ನೀವೇ ಊಹಿಸಿಕೊಳ್ಳಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಎಂ.ಎಸ್ಸಿ. ಮುಗಿಸಿ ಊರಿಗೆ ಬಂದು, ಕೆಲಸಕ್ಕೆ ಅರ್ಜಿ ಹಾಕುವುದನ್ನೇ ಕೆಲಸ ಮಾಡಿಕೊಂಡಿದ್ದೆ. ಆಗಷ್ಟೇ ಮಾವ ಒಬ್ಬ ಡಾಕ್ಟರಿಂದ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡಿದ್ದರು. ಒಂದು ಬೆಳಿಗ್ಗೆ ನಮ್ಮ ಪಡಸಾಲೆಗೆ ಬಂದು, "ಸುಮ್ನೆ ಕುಂತು ಏನ್ ಮಾಡ್ತಿ? ಕಾರು ಕಲಿ ಬಾ," ಎಂದರು.

ಅಮ್ಮ ಒಳಗಿಂದಲೇ ಕೂಗಿದಳು. "ಅಣ್ಣಾ, ಹೆಣ್ಣುಡುಗಿ ಕಾರು ಓಡಿಸೋದು ಅಂದ್ರೆ ಏನು? ಜನ ಏನಂತಾರೆ?"

"ಹೊಲಿಗೆ ಮಿಷನ್ನೂ ಕಾಲಾಗೇ ತುಳಿಯೋದಲ್ಲೇನೇ? ಅದನ್ನ ತುಳಿಬೋದು, ಇದನ್ನ ತುಳಿಬಾರ್ದಾ?"

ಅಮ್ಮ ಇದಕ್ಕೆ ಉತ್ತರ ಹುಡುಕಿಕೊಂಡು ಹೊರಗೆ ಬರುವಷ್ಟರಲ್ಲಿ ನಾವು ಸೂಳೆಕೆರೆಯ ಏರಿಯ ಮೇಲಿದ್ದೆವು.

ಮಾವ ಕಲಿಸುವ ರೀತಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಎಮ್ಮೆಯೊಂದು ಅಡ್ಡ ಬಂದು ನಾನು ಕಾರು ನಿಲ್ಲಿಸಿದರೆ, ಅವರು ಕೆಳಗಿಳಿದು ಎಮ್ಮೆ ಕಾಯುವವನನ್ನು ಕರೆದು, ಎಮ್ಮೆ ಯಾವ ಕಡೆಯಿಂದ ಬಂತು, ಬರುವ ಮುಂಚೆ ಯಾವ ಕಡೆ ನೋಡುತ್ತಿತ್ತು ಎಂದೆಲ್ಲ ವಿಚಾರಿಸುತ್ತಿದ್ದರು. ಎಮ್ಮೆ ಅಷ್ಟು ಹೊತ್ತು ಕಾಯುತ್ತಿರಲಿಲ್ಲ, ನಾನು ಕಾಯಬೇಕಿತ್ತು. ಹಾಗೂ ಹೀಗೂ ಎರಡು ತಿಂಗಳಲ್ಲಿ ಕಾರು ನನ್ನ ಮಾತು ಕೇಳತೊಡಗಿತು. ಕಲಿಯುವವರ ಲೈಸೆನ್ಸು ಬಂತು. ಮಾವ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ 'ಎಲ್' ಬರೆಸಿ ಕಾರಿಗೆ ಕಟ್ಟಿದರು. ಪಕ್ಕಾ ಲೈಸೆನ್ಸಿಗೆ ಇನ್ನೊಂದೇ ತಿಂಗಳಿತ್ತು.

ಅಷ್ಟರಲ್ಲಿ ಹೊನ್ನಾಳಿಗೆ ಊಟಕ್ಕೆ ಕರೆ ಬಂತು.

ಕರೆದವರು ನಮ್ಮ ಅತ್ತೆಯ ಅಣ್ಣ, ಅಂದರೆ ಮಾವನಿಗೆ ಭಾವ. ಹೊನ್ನಾಳಿಯ ಹೊರಗೆ ಅವರ ಅಕ್ಕಿ ಗಿರಣಿ. ಅದರ ಮುಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ, ಕಣದ ಸುತ್ತ ಗಾಡಿ ಓಡಾಡುವಷ್ಟು ದಾರಿ, ಅದರಾಚೆ ಕಾಂಪೌಂಡು. ಭಾವ ದೊಡ್ಡ ಮನುಷ್ಯರು. ಹಾಗೆಂದು ಅವರೇ ಹೇಳುತ್ತಿದ್ದರು. ನಾನು ಕಾರಿನಿಂದ ಇಳಿದಾಗ ಮೀಸೆಯಡಿಯಲ್ಲಿ ನಕ್ಕು, "ಓಹೋ, ಡ್ರೈವರಮ್ಮ ಬಂದ್ರು," ಎಂದರು. ಆ ನಗೆ ನನಗೆ ಹೋಳಿಗೆಯ ಜೊತೆ ಇಳಿಯಲಿಲ್ಲ.

ಊಟವಾಗಿ ಹೊರಟೆವು. ಸ್ಟೇರಿಂಗು ನನ್ನ ಕೈಯಲ್ಲಿ, ಪಕ್ಕದಲ್ಲಿ ಮಾವ, ಹಿಂದೆ ಅತ್ತೆ. ಭತ್ತವನ್ನು ಬಲಕ್ಕೆ ಬಿಟ್ಟುಕೊಂಡು ಕಣ ಸುತ್ತಿ ಗೇಟಿನ ಕಡೆ ನಿಧಾನವಾಗಿ ಬರುತ್ತಿದ್ದೆ. ಗೋಡೌನಿನ ಮೂಲೆಯಲ್ಲಿ ಭಾವನ ಜೀಪು ಹಿಂದುಹಿಂದಕ್ಕೆ ನಮ್ಮೆದುರಿಗೇ ಬಂತು. ಮುಂದಿನ ಕ್ಷಣ ನಮ್ಮ ಒಂದು ದೀಪ ಒಡೆದಿತ್ತು, ಜೀಪಿನ ಹಿಂಭಾಗ ಬಾಗಿತ್ತು, ಎರಡೂ ಗಾಡಿಗಳು ಅರ್ಧರ್ಧ ಭತ್ತದ ಮೇಲಿದ್ದವು. ಯಾರಿಗೂ ಗಾಯವಾಗಲಿಲ್ಲ.

ಭಾವ ಇಳಿದು ಬಂದರು. ಜೀಪನ್ನಲ್ಲ, ನನ್ನನ್ನು ನೋಡಿದರು. ಆಮೇಲೆ ಗಿರಣಿಯ ಆಳುಗಳೆಲ್ಲ ಕೇಳುವಂತೆ, "ಹೆಣ್ಮಕ್ಳ ಕೈಗೆ ಸ್ಟೇರಿಂಗ್ ಕೊಟ್ರೆ ಹಿಂಗೇ ಆಗೋದು," ಎಂದರು.

ಬ್ರೇಕು ಒತ್ತಿದೆ, ನಿಲ್ಲಲಿಲ್ಲ ಎಂದೆ ನಾನು. ಆಮೇಲೆ ಕೇಳಿದವರೆಲ್ಲರಿಗೂ ಹಾಗೆಯೇ ಹೇಳಿದೆ.

ಮಾವ ಕೊರಳಿನ ಟೇಪು ತೆಗೆದು ಜೀಪಿನ ಗಾಲಿಯ ಗುರುತು ಅಳೆಯಲು ಕೂತರು. ಗೋಡೌನಿನಿಂದ ಎಷ್ಟು, ಗೋಡೆಯಿಂದ ಎಷ್ಟು, ಭತ್ತ ಎಷ್ಟು ಉದ್ದಕ್ಕೆ ಚೆಲ್ಲಿದೆ. ಭಾವ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು. "ಏನ್ರೀ, ನಮ್ಮ ಜೀಪಿಗೆ ಅಂಗಿ ಹೊಲಿಸ್ತೀರೇನು? ತೋಳು ಉದ್ದ ಇಡ್ಸಿ."

ಆಳುಗಳು ನಕ್ಕರು. ಹೇಳಲು ನಾಚಿಕೆ, ಅತ್ತೆಯೂ ನಕ್ಕರು.

ಹೆಣ್ಣುಮಕ್ಕಳ ಸ್ಟೇರಿಂಗಿನ ಬಗ್ಗೆ ಭಾವ ಆಡಿದ ಮಾತು ನಮ್ಮ ಕಾರಿಗಿಂತ ಮುಂಚೆ ಚನ್ನಗಿರಿ ಮುಟ್ಟಿತು. ಅಮ್ಮ 'ಎಲ್' ಬೋರ್ಡನ್ನು ಬಿಚ್ಚಿ ನುಚ್ಚಿನ ಡಬ್ಬಿಗೆ ಮುಚ್ಚಳ ಮಾಡಿದಳು. "ತಪ್ಪು ನಿಂದಲ್ಲ ಅಂತ ಆಗೋತನಕ ಕಾರು ಮುಟ್ಟಂಗಿಲ್ಲ," ಎಂದಳು. ನ್ಯಾಮತಿಯ ಒಂದು ಮದುವೆಯಲ್ಲಿ, ಹೆಸರೂ ಗೊತ್ತಿಲ್ಲದ ಮುದುಕಿಯೊಬ್ಬಳು ನನ್ನ ಗಲ್ಲ ಹಿಡಿದು, "ಜೀಪಿಗೆ ಗುದ್ದಿದ ಹುಡುಗಿ ಈಕೇನಾ?" ಎಂದಳು. ಜಗಳೂರಿನಿಂದ ನನ್ನನ್ನು ನೋಡಲು ಬರುವವರಿದ್ದ ಮನೆಯವರು ಹುಡುಗಿ ಬಲು ಧೈರ್ಯದವಳಂತೆ ಎಂದು ಹೇಳಿ ಕಳಿಸಿದರು. ಬರಲಿಲ್ಲ. ಆ ಬಗ್ಗೆ ನನಗೆ ದುಃಖವಾಗಲಿಲ್ಲ. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಹೇಳುವ ಇಷ್ಟವಿಲ್ಲ.

ನನಗೆ ಬೇಕಾಗಿದ್ದದ್ದು ಜನ ಇದನ್ನು ಮರೆಯುವುದು. ಆದರೆ ನಮ್ಮ ಮಾವನಂಥವರು ಪಕ್ಕದ ಮನೆಯಲ್ಲಿದ್ದರೆ ಜನ ಯಾವುದನ್ನಾದರೂ ಹೇಗೆ ಮರೆಯಬೇಕು?

ಮೊದಲು ಪೊಲೀಸು ಠಾಣೆಗೆ ಹೋದರು. ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿನ ರೈಟರು ಸಾವಧಾನದ ಮನುಷ್ಯ. ಎಲ್ಲವನ್ನೂ ಕೇಳಿ ಪೆನ್ನಿನ ಮುಚ್ಚಳ ಹಾಕಿದರು.

"ರಸ್ತೆ ಮೇಲೆ ಆಗಿದ್ರೆ ಎಡಗಡೆ ಯಾರಿದ್ರು, ಬಲಗಡೆ ಯಾರಿದ್ರು ಅಂತ ಕೇಳ್ಬೋದಿತ್ತು ರೀ. ಅವರ ಕಣದಾಗೆ ಆದದ್ದಕ್ಕೆ ನಾನೇನು ಬರೀಲಿ? ಕಣದಾಗೆ ಎಡ ಯಾವುದು, ಬಲ ಯಾವುದು?"

ಇದು ಕೈ ತೊಳೆದುಕೊಳ್ಳಲು ಹೇಳಿದ ಮಾತು ಎಂದು ನನಗೆ ಅರ್ಥವಾಯಿತು. ಮಾವನಿಗೆ ಇದು ಪ್ರಶ್ನೆಯೆಂದು ಅರ್ಥವಾಯಿತು. ದಾರಿಯುದ್ದಕ್ಕೂ, "ಕಣದಾಗೆ ಎಡ ಯಾವುದು? ಕಣದಾಗೆ ಬಲ ಯಾವುದು?" ಎಂದು ಗುನುಗುತ್ತಲೇ ಬಂದರು.

ನ್ಯಾಮತಿಯಲ್ಲಿ ಅವರ ಪರಿಚಯದ ವಕೀಲರೊಬ್ಬರಿದ್ದರು. ಪಂಚೆ ಕೊಳ್ಳಲು ಅಂಗಡಿಗೆ ಬಂದವರನ್ನು ಮಾವ ಎರಡು ತಾಸು ಬಿಡಲಿಲ್ಲ. ಕೊನೆಗೆ ಬಸ್ಸು ತಪ್ಪುವ ಭಯದಿಂದ ವಕೀಲರು, "ಖಾಸಗಿ ಜಾಗ ಅಲ್ವೇನ್ರಿ? ಅಲ್ಲಿ ನಡಕೊಂಡು ಬಂದ ವಾಡಿಕೆ ಏನೈತೆ ಅದನ್ನ ತೋರಿಸ್ರಿ. ವಾಡಿಕೆ ಮೀರಿದೋರದು ತಪ್ಪು," ಎಂದುಬಿಟ್ಟರು. ಬಿಟ್ಟರೆ ಸಾಕೆಂದು ಹೇಳಿದ್ದಿರಬೇಕು. ವಾಡಿಕೆ. ಮಾವನಿಗೆ ಪಂಚಾಮೃತ ಸಿಕ್ಕಂತಾಯಿತು.

ಕಣದ ವಾಡಿಕೆ ಯಾರಿಗೆ ಗೊತ್ತು? ಎತ್ತುಗಳಿಗೆ. ತೆನೆ ತುಳಿಸುವಾಗ ಕಣದ ನಡುವಿನ ಕಂಬಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತಿಸುತ್ತಾರಲ್ಲ, ಅವು ಯಾವ ಕಡೆಗೆ ಸುತ್ತುತ್ತವೋ ಅದೇ ಕಣದ ಕಾನೂನು ಎಂದು ಮಾವ ತೀರ್ಮಾನಿಸಿದರು. ಅದನ್ನು ಕಣ್ಣಾರೆ ನೋಡಲು ಜಗಳೂರಿನ ಆಚೆ ಬಿಳಿಚೋಡಿಗೆ ಹೊರಟೆವು. ಮಾವ ಕಾರು ಓಡಿಸಿದರು. ನಾನು ನೋಟುಪುಸ್ತಕ ಹಿಡಿದು ಪಕ್ಕದಲ್ಲಿ ಕೂತೆ. ಸ್ನಾತಕೋತ್ತರ ಪದವಿಗೆ ಸಿಕ್ಕ ಮೊದಲ ಉದ್ಯೋಗ ಅದು.

ಒಂದು ಕಣದಲ್ಲಿ ಜೋಳ ತುಳಿಸುತ್ತಿದ್ದರು. ಮಾವ ಬದುವಿನ ಮೇಲೆ ಕೂತು ಸುತ್ತು ಎಣಿಸಿದರು, ನಾನು ಬರೆದುಕೊಂಡೆ. ಹನ್ನೊಂದು ಸುತ್ತು, ಹನ್ನೊಂದೂ ಕಂಬವನ್ನು ಬಲಕ್ಕೆ ಬಿಟ್ಟುಕೊಂಡು. ಎತ್ತು ಹೊಡೆಯುತ್ತಿದ್ದ ಮುದುಕಪ್ಪ ಮೊದಲು ನಮ್ಮನ್ನು ಸರ್ಕಾರದವರೆಂದು ತಿಳಿದು ತಲೆಯ ವಲ್ಲಿ ತೆಗೆದ. ಅಲ್ಲವೆಂದು ಗೊತ್ತಾದ ಮೇಲೆ ಮತ್ತೆ ಸುತ್ತಿಕೊಂಡ.

"ಯಾಕಪ್ಪ ಬಲಕ್ಕೇ ಸುತ್ತುಸ್ತಿ?"

"ಎಡಕ್ಕೆ ಯಾಕೆ ಸುತ್ತಿಸ್ಲಿ?"

"ಸುತ್ತಿಸಿದ್ರೆ ಏನಾಗ್ತೈತೆ?"

"ಎತ್ತು ನಿಮ್ಮಂಗೇ ನಿಂತು ನನ್ನ ಮುಖ ನೋಡ್ತಾವೆ."

ಇದನ್ನೂ ಬರೆದುಕೋ ಎಂದರು ಮಾವ. ಬರೆದುಕೊಂಡೆ. ಮುಂದಿನ ಕಣದಲ್ಲಿ ಎತ್ತುಗಳು ಎಡಕ್ಕೆ ಸುತ್ತುತ್ತಿದ್ದವು. ಮಾವ ಸ್ವಲ್ಪ ಹೊತ್ತು ನೋಡಿ, "ಇವಕ್ಕೆ ಯಾರೂ ಕಲಿಸಿಲ್ಲ," ಎಂದು ಎದ್ದರು. ಆ ಕಣ ನಮ್ಮ ನೋಟುಪುಸ್ತಕದಲ್ಲಿ ಇಲ್ಲ. ಸಾಕ್ಷ್ಯವನ್ನು ಹೀಗೆ ಆರಿಸಿಕೊಳ್ಳುವುದನ್ನು ವಿಶ್ವವಿದ್ಯಾಲಯದಲ್ಲಿ ನಮಗೆ ಯಾರೂ ಕಲಿಸಿರಲಿಲ್ಲ.

ಹೀಗೆ ಒಂದೂವರೆ ವರ್ಷ ಹೋಯಿತು. ದೀಪ ಬದಲಾಯಿಸಿ ಎಷ್ಟೋ ಕಾಲವಾಗಿತ್ತು. ಜೀಪೂ ನೆಟ್ಟಗಾಗಿತ್ತು. ಮಾವ ಮಾತ್ರ ಗೋಡೌನಿನ ಮೂಲೆಯಲ್ಲೇ ನಿಂತಿದ್ದರು. ಊಟಕ್ಕೆ ಕೂತರೆ ತಟ್ಟೆಯೇ ಕಣ, ಅನ್ನವೇ ಭತ್ತ, ಮೆಣಸಿನಕಾಯಿ ನಮ್ಮ ಕಾರು, ನಿಂಬೆಹೋಳು ಜೀಪು. ಅತ್ತೆ ಒಂದು ದಿನ ನಿಂಬೆಹೋಳನ್ನು ಎತ್ತಿ ಸಾರಿಗೆ ಹಿಂಡಿದರು.

"ನಮ್ಮಣ್ಣಂದು ತಪ್ಪು ಅಂತ ಹೇಳಿಸದಿದ್ರೆ ನಿಮಗೆ ಅನ್ನ ಸೇರಂಗಿಲ್ಲೇನು?"

"ಸೇರ್ತೈತೆ. ರುಚಿ ಹತ್ತಂಗಿಲ್ಲ."

ನಾನು ಗೋಡೆಯ ಈಚೆಯಿಂದ ಇದನ್ನೆಲ್ಲ ಕೇಳುತ್ತಿದ್ದೆ. ಬೇರೆಯವರ ತಪ್ಪನ್ನು ಸಾಧಿಸುವುದಕ್ಕೆ ಒಬ್ಬ ಮನುಷ್ಯ ಇಷ್ಟು ಆಯುಸ್ಸು ಕಳೆಯಬಹುದೇ ಎಂದು ತಿರಸ್ಕಾರ ಬರುತ್ತಿತ್ತು. ಅವರಿಗೆ ನನ್ನ ಚಿಂತೆಯೇನೂ ಇಲ್ಲ, ಗೆಲ್ಲುವ ಚಪಲ ಅಷ್ಟೇ ಎಂದು ನಾನು ಖಚಿತವಾಗಿ ನಂಬಿದ್ದೆ. ಪಕ್ಕಾ ಲೈಸೆನ್ಸಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಕಲಿಯುವವರ ಲೈಸೆನ್ಸಿನ ಅವಧಿಯೂ ಮುಗಿದುಹೋಗಿತ್ತು.

ಸಿಕ್ಕದ ಉತ್ತರ ಕೊನೆಗೆ ಎಲ್ಲಿ ಸಿಕ್ಕಿತು ಗೊತ್ತೇ? ಗಿರಣಿಯಲ್ಲೇ. ಭಾವನ ಮೊಮ್ಮಗನ ಹೆಸರಿಡುವ ಸಮಾರಂಭಕ್ಕೆ ನಾವೆಲ್ಲ ಹೋಗಿದ್ದೆವು. ಭತ್ತ ತಿರುವುವ ಹೆಂಗಸರು ಕಣದಲ್ಲಿ ಕಾಲೆಳೆಯುತ್ತ ಸಾಲಾಗಿ ನಡೆಯುತ್ತಿದ್ದರು. ಅಷ್ಟರಲ್ಲಿ ಭತ್ತದ ಗಾಡಿಯೊಂದು ಗೇಟಿನಿಂದ ಒಳಗೆ ಬಂದು ಕಣವನ್ನು ಎಡಕ್ಕೆ ಬಿಟ್ಟುಕೊಂಡು ಹೊರಳಿತು. ಆ ಹೆಂಗಸರಲ್ಲಿ ಒಬ್ಬಾಕೆ ಕೂಗಿದಳು. "ಏಯ್, ಅತ್ಲಾಗೆ ಹೋಗ್ಬೇಡ. ಯಜಮಾನ್ರು ನೋಡಿದ್ರೆ ವಾಪಸ್ ಕಳಿಸ್ತಾರೆ. ಭತ್ತ ಬಲಕ್ಕೆ ಬಿಟ್ಕೊಂಡು ಸುತ್ತಿ ಬಾ."

ಮಾವ ಕೈಯಲ್ಲಿದ್ದ ಪಾನಕದ ಲೋಟವನ್ನು ನನಗೆ ಕೊಟ್ಟರು. ಅವರ ಮುಖ ನೋಡಿದರೆ ಹೆಸರಿಟ್ಟದ್ದು ಅವರಿಗೇ ಎನ್ನಬೇಕು.

ಊಟದ ಪಂಕ್ತಿ ಎದ್ದು ಎಲ್ಲರೂ ಎಲೆಯಡಿಕೆಗೆ ಕೂತಾಗ ಮಾವ ಬಹಳ ವಿನಯದಿಂದ ಕೇಳಿದರು. "ಭಾವ, ನಿಮ್ಮ ಕಣದಾಗೆ ಗಾಡಿ ಬಲಕ್ಕೇ ಸುತ್ತಬೇಕಂತೆ, ಹೌದಾ?"

"ಮತ್ತೆ? ನಮ್ಮಪ್ಪನ ಕಾಲದಿಂದ ಹಂಗೇ ಐತೆ. ಒಂದು ಶಿಸ್ತು ಬೇಡ್ವಾ?"

"ಎಡಕ್ಕೆ ಬಂದ್ರೆ?"

"ನನ್ನ ಕಣದಾಗೆ ಇರುವೆನೂ ಎಡಕ್ಕೆ ಸುತ್ತಂಗಿಲ್ಲ," ಎಂದು ಭಾವ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿದರು.

"ಜೀಪು?"

ಭಾವ ಸುಣ್ಣ ಹಚ್ಚುತ್ತಿದ್ದ ಎಲೆಯ ಮೇಲೆ ಬೆರಳು ಹಾಗೇ ನಿಂತಿತು. ಗೋಡೌನಿನಿಂದ ಗೇಟಿಗೆ ಎಡಕ್ಕೆ ಸುತ್ತಿದರೆ ಹತ್ತಿರ. ಆವತ್ತು ಅವರು ಅದೇ ಹತ್ತಿರದ ದಾರಿಯಲ್ಲಿ, ಅದೂ ಹಿಂದುಹಿಂದಕ್ಕೆ ಬಂದಿದ್ದರು. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ಈಗ ಅತ್ತೆಯೇ ಮೊದಲು ನಕ್ಕರು.

"ಆಯ್ತು ಬಿಡ್ರಿ," ಎಂದರು ಭಾವ. "ನಂದೇ ತಪ್ಪು ಅಂತ ಇಟ್ಕೊಳ್ರಿ."

"ಇಟ್ಕೊಳ್ಳಾಕೆ ಆಗಂಗಿಲ್ಲ ಭಾವ. ಆವತ್ತು ಹೇಳಿದ್ರಲ್ಲ, ಅಷ್ಟೇ ಜೋರಾಗಿ ಹೇಳ್ರಿ. ಹುಡುಗಿದು ತಪ್ಪಿಲ್ಲ ಅಂತ."

ಭಾವ ಹೇಳಿದರು. ಅಷ್ಟು ಜೋರಾಗಿ ಅಲ್ಲ, ಆದರೆ ಹೇಳಿದರು. ಕೇಳಬೇಕಾದವರಿಗೆಲ್ಲ ಕೇಳಿಸಿತು. ಅಮ್ಮನಿಗೂ ಕೇಳಿಸಿತು. ಎಲ್ಲರೂ ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

ಅಮ್ಮ, ಅತ್ತೆ ಆ ದಿನ ಅಲ್ಲೇ ಉಳಿದರು. ಮಾವ, ನಾನು ಇಬ್ಬರೇ ಚನ್ನಗಿರಿಗೆ ಹೊರಟೆವು. ಮಾವ ವಿಜಯೋತ್ಸವದಲ್ಲಿ ಮೈಲಿಗಟ್ಟಲೆ ಮಾತಾಡುತ್ತಾರೆಂದು ಹೆದರಿದ್ದೆ. ಅವರು ಸುಮ್ಮನೆ ಕಾರು ಓಡಿಸುತ್ತಿದ್ದರು. ಒಂದೂವರೆ ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು ಆಗ ಬಾಯಿಗೆ ಬಂತು. ಎಷ್ಟೋ ಸಲ ಬಂದು ಹಿಂದಕ್ಕೆ ಹೋಗಿತ್ತು. ಈ ಸಲ ಹೋಗಲಿಲ್ಲ.

"ಮಾವ, ನಿಮಗೊಂದು ವಿಷಯ ಹೇಳಬೇಕು."

"ಬ್ರೇಕಿನ ವಿಷಯಾನಾ?"

ನಾನು ಅವರ ಕಡೆ ತಿರುಗಿದೆ.

"ನಿನ್ನ ಪಕ್ಕದಾಗೇ ಕುಂತಿದ್ದೆನಲ್ಲ ತಾಯಿ. ಜೀಪು ನೋಡಿ ಗಾಬರಿ ಆದಿ. ಬ್ರೇಕ್ ಬಿಟ್ಟು ಆಕ್ಸಿಲೇಟರ್ ತುಳಿದಿ. ನಿನ್ನ ಕಾಲು ಎಲ್ಲಿ ಬಿತ್ತು ಅಂತ ನಾನು ಆವತ್ತೇ ನೋಡೀನಿ."

"ಮತ್ತೆ ಇಷ್ಟೆಲ್ಲ ಯಾಕೆ?"

"ಅವರದೂ ತಪ್ಪಿತ್ತು. ಅವರದನ್ನ ಜನ ನಾಳೆಗೇ ಮರೀತಿದ್ರು. ನಿಂದನ್ನ ನಿನಗೆ ಮೊಮ್ಮಕ್ಕಳಾದ್ರೂ ಹೇಳ್ತಿದ್ರು. ಆಮೇಲೆ ನೀನು ಕಾರು ಹತ್ತುತಿದ್ದಿಲ್ಲ."

ತಪ್ಪು ಯಾರದೆಂದು ಗೊತ್ತಾಗದೆ ಅರಿಶಿನವನ್ನೂ ಹಚ್ಚಿಸಿಕೊಳ್ಳದ ಮನುಷ್ಯ ಒಂದು ತಪ್ಪನ್ನು ಇಷ್ಟು ದಿನ ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದರು. ಇವರನ್ನು ನಾನು ಏನೆಂದುಕೊಂಡಿದ್ದೆ ಎಂಬುದನ್ನು ಮೇಲೆ ಬರೆದಿದ್ದೇನೆ. ಅದನ್ನು ಅಳಿಸುವುದಿಲ್ಲ.

ಅವರು ಬಯಲಿನ ಪಕ್ಕ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಕೆಳಗಿಳಿದರು. ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದರು. ನಾನು ಆಚೆ ಸರಿದು ಸ್ಟೇರಿಂಗಿನ ಮುಂದೆ ಕೂತೆ.

"ಸ್ಟಾರ್ಟ್ ಮಾಡಬೇಡ. ಮೊದ್ಲು ಕಾಲಿನ ಕೆಳಗೆ ಏನೇನೈತೆ ಹೇಳು. ಎಡಗಡೆಯಿಂದ."

"ಕ್ಲಚ್ಚು," ಎಂದೆ.

"ಹ್ಞೂಂ."

ಮುಂದಿನದನ್ನು ಹೇಳಲು ಬಾಯಿ ತೆರೆದೆ. ಮಾವ ಕಿಟಕಿಯಾಚೆ ನೋಡುತ್ತ ಕಾದರು.

"ಬ್ರೇಕು."

"ಜೋರಾಗಿ ಹೇಳು. ಕೇಳಿಸ್ಲಿಲ್ಲ."