ಸೈಕಲ್ಲಿಗೆ ದೀಪ ತಂದ ಮೇಲೆ

ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತುವವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಆದಾಗ ಬೈಯುತ್ತೇವೆ. ಆಮೇಲೆ ಚಹಾ ಕುಡಿಯುವಾಗ ನಗುತ್ತೇವೆ.

ನಾನು ಪುಣೆಯ ಸದಾಶಿವ ಪೇಠೆಯಲ್ಲಿ, ಮಂಗಳೂರು ಕಡೆಯವರ ಹೋಟೆಲಿನಲ್ಲಿ ಹಿಟ್ಟು ರುಬ್ಬುವವನು. ಮನೆ ಕಾತ್ರಜ ಘಟ್ಟದ ಬುಡಕ್ಕೆ. ನಾಲ್ಕಕ್ಕೆ ಹೊರಡಬೇಕು. ಐದಕ್ಕೆ ಗ್ರೈಂಡರ್ ತಿರುಗಬೇಕು.

೧. ಹಿಂದೆ ಕೂತ ದೀಪ

ಹದಿನೆಂಟು ವರ್ಷ ನನ್ನ ಸೈಕಲ್ಲಿಗೆ ದೀಪ ಇರಲಿಲ್ಲ. ಹೆಂಡತಿ ಇದ್ದಳು. ಅದೇ ಹೋಟೆಲಿನಲ್ಲಿ ಚಟ್ನಿ ಅವಳದು. ಕ್ಯಾರಿಯರ್ ಮೇಲೆ ಕೂತು, ನನ್ನ ಹೆಗಲ ಮೇಲಿಂದ ಟಾರ್ಚ್ ಹಿಡಿಯುತ್ತಿದ್ದಳು. ಎಡಕ್ಕೆ ಗುಂಡಿ ಇದ್ದರೆ ಎಡಬೆನ್ನಿಗೆ ಗುದ್ದು. ಬಲಕ್ಕಿದ್ದರೆ ಬಲಬೆನ್ನಿಗೆ.

“ಬಾಯಿಲೆ ಹೇಳಾಕ ಬರಂಗಿಲ್ಲೇನು?” ಅಂದೆ ಒಮ್ಮೆ.

“ಬಾಯಿಲೆ ಹೇಳಿದ್ದು ನೀವು ಯಾವತ್ತರ ಕೇಳೀರೇನು?”

ಹೋದ ದೀಪಾವಳಿ ಮುಗಿದ ವಾರಕ್ಕೆ ಹೋಗಿಬಿಟ್ಟಳು. ಟಾರ್ಚ್ ಉಳಿಯಿತು. ಹ್ಯಾಂಡಲಿಗೆ ಕಟ್ಟಿ ನೋಡಿದೆ. ಅದು ರಸ್ತೆ ಬಿಟ್ಟು ಆಕಾಶ ತೋರಿಸಿತು. ನಾನು ಗುಂಡಿಗೆ ಬಿದ್ದೆ. ಮೊಣಕಾಲಿಗೆ ಹೊಲಿಗೆ.

ವಿಜಯಪುರದಿಂದ ಮಗಳ ಫೋನ್ ಬಂತು. “ಇನ್ನ ಕತ್ತಲಾಗ ಸೈಕಲ್ ಹತ್ತಿದ್ರ ನಾನೇ ಬಂದು ಅದನ್ನ ಗುಜರಿಗೆ ಹಾಕ್ತೀನಿ. ಆಮೇಲೆ ಸುಮ್ಮನ ನಮ್ಮನ್ಯಾಗ ಕೂಡು.”

ಆ ಕ್ಯಾರಿಯರ್ ಗುಜರಿಗೆ ಹಾಕುವುದು ನನ್ನಿಂದ ಆಗದ ಮಾತು. “ಛಲೋ ದೀಪ ತರ್ತೀನಿ,” ಅಂದೆ.

“ಎಂಥಾ ದೀಪ?”

“ನಿಮ್ಮವ್ವಗಿಂತ ಜೋರು ಇರೋದು.”

“ಅಂಥಾದ್ದು ಅಂಗಡ್ಯಾಗ ಸಿಗಂಗಿಲ್ಲಪ್ಪಾ.”

೨. ಒಂದರಿಂದ ನಾಲ್ಕು

ಪೇಠೆಯ ಸೈಕಲ್ ಅಂಗಡಿಗೆ ಹೋದಾಗ ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷ ಇತ್ತು. ಅಲ್ಲಿ ಒಂದರಿಂದ ನಾಲ್ಕು ಅಂಗಡಿ ಬಂದ್. ಮಾಲೀಕರು ಮಲಗುತ್ತಾರೆ. ದೇವರು ಬಂದರೂ ನಾಲ್ಕರ ಮೇಲೆ ಬರಬೇಕು.

ಮಾಲೀಕ ಕಾಕಾ ಒಂದು ದೀಪ ಹಚ್ಚಿ ತೋರಿಸಿದರು. ಬಿಸಿಲಲ್ಲಿ ಏನೂ ಕಾಣಲಿಲ್ಲ.

“ಹಗಲಲ್ಲಿ ದೀಪ ಹೇಗೆ ಆಯ್ದುಕೊಳ್ಳಲಿ ಕಾಕಾ?” ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ.

ಅವರಿಗೆ ಅದು ಮಾನದ ಪ್ರಶ್ನೆ. ಶಟರ್ ದಡಾರ್ ಎಂದು ಎಳೆದರು. ಕತ್ತಲಾಯಿತು. ಅದೇ ಹೊತ್ತಿಗೆ ಗಡಿಯಾರ ಒಂದು ಹೊಡೆಯಿತು. ಕಾಕಾ ಚಾಪೆ ಹಾಸಿದರು.

“ಕಾಕಾ, ನಾನು ಹೊರಗೆ ಹೋಗಬೇಕು.”

“ಒಂದಾದ ಮೇಲೆ ಈ ಶಟರ್ ನಮ್ಮಪ್ಪನ ಕಾಲದಿಂದ ಎತ್ತಿಲ್ಲ. ಸಾವಕಾಶ ಆಯ್ದುಕೋ,” ಅಂದರು. ಗೊರಕೆ ಶುರುವಾಯಿತು.

ಮೂರು ತಾಸು ಕೂತೆ. ಅಂಗಡಿಯ ದೀಪಗಳನ್ನೆಲ್ಲ ಒಂದೊಂದಾಗಿ ಹಚ್ಚಿದೆ. ಒಂದರ ಬೆಳಕು ಸೂಜಿಯ ಹಾಗೆ. ಒಂದು ಮಿಣಿಮಿಣಿ ಮಾಡಿ ತಲೆ ತಿರುಗಿಸಿತು. ಮತ್ತೊಂದು ಕಾಲು ತಾಸಿಗೇ ಸತ್ತಿತು. ಒಂದು ಮಾತ್ರ ಕಾಲ ಬುಡದ ನೆಲವನ್ನೂ ತೋರಿಸಿತು, ದೂರದ ಗೋಡೆಯನ್ನೂ ತೋರಿಸಿತು. ಗೋಡೆಯ ಮೇಲೆ ಬೋರ್ಡ್ ಇತ್ತು. ನನಗೆ ಓದು ಕಡಿಮೆ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ‘ಕೊಳ್ಳದವರು ಸಾಮಾನು ಮುಟ್ಟಬಾರದು.’ ಆ ದೀಪವನ್ನೇ ಕೊಳ್ಳುವುದು ಎಂದುಕೊಂಡೆ.

ನಾಲ್ಕಕ್ಕೆ ಕಾಕಾ ಎದ್ದರು. ನನ್ನನ್ನು ನೋಡಿ ಬೆಚ್ಚಿದರು. “ಅಂಗಡಿ ಬಂದ್ ಇದ್ದಾಗ ಒಳಗೆ ಹೇಗೆ ಬಂದೆ?”

೩. ಸಲಾಮು

ದಾರಿಯಲ್ಲಿ ಒಂದು ದೊಡ್ಡ ಹೌಸಿಂಗ್ ಸೊಸೈಟಿ ಇದೆ. ಅದರ ವಾಚ್‌ಮನ್ ಕುರ್ಚಿಯಲ್ಲೇ ನಿದ್ದೆ ಮಾಡುತ್ತಾನೆ. ಮೊದಲ ದಿನ ನನ್ನ ದೀಪ ಅವನ ಮುಖಕ್ಕೆ ಬಿತ್ತು. ಎದ್ದ. ಟೊಪ್ಪಿಗೆ ಹಾಕಿದ. ಗೇಟ್ ತೆರೆದ. ಸಲಾಮು ಹೊಡೆದ. ಸೆಕ್ರೆಟರಿಯ ಗಾಡಿ ಅಂದುಕೊಂಡಿದ್ದ. ನಾನೂ ಸಲಾಮು ಹೊಡೆದು ಮುಂದೆ ಹೋದೆ.

ಮೂರನೇ ದಿನ ಅಡ್ಡಗಟ್ಟಿದ. “ಕಾಕಾ, ದೀಪ ಕೆಳಗೆ ಮಾಡು. ಕಣ್ಣು ಹೋಗುತ್ತೆ.”

ಅವನ ಮಾತು ನ್ಯಾಯದ್ದು. ದೀಪ ರಸ್ತೆಗೆ ಬೀಳಬೇಕು, ಎದುರಿನವರ ಕಣ್ಣಿಗಲ್ಲ. ಬಗ್ಗಿಸಿದೆ. ಗುಂಡಿಗಳೂ ಇನ್ನಷ್ಟು ಚಂದ ಕಂಡವು.

ವಾರದ ಮೇಲೆ ಅವನೇ ಓಡಿ ಬಂದ. “ಕಾಕಾ, ಮೊದಲಿನಂತೆ ಮೇಲೆ ಮಾಡು. ನಿನ್ನೆ ನಿಜವಾದ ಸೆಕ್ರೆಟರಿ ಬಂದರು. ನನಗೆ ಎಚ್ಚರವೇ ಆಗಲಿಲ್ಲ.”

೪. ನಲವತ್ತು ಜನ

ನಾನು ಮತ್ತೆ ಕತ್ತಲಲ್ಲಿ ಹೊರಡುವುದನ್ನು ಪಕ್ಕದ ಮನೆಯವರು ಮಗಳಿಗೆ ಹೇಳಿಬಿಟ್ಟರು. “ಶನಿವಾರ ಬರ್ತೀನಿ. ಸೈಕಲ್ ಹೋತು ಅಂತ ತಿಳ್ಕೋ,” ಅಂದಳು.

ಶುಕ್ರವಾರ ನಾಲ್ಕಕ್ಕೆ ಹೊರಟೆ. ರಸ್ತೆಯ ಲೈಟುಗಳು ಹೋಗಿದ್ದವು. ಕರ್ನಾಟಕದ ಕಡೆಯಿಂದ ಬಂದ ಬಸ್ಸೊಂದು ಅಲ್ಲೇ ನಿಂತಿತ್ತು. ಅದರ ಎರಡೂ ಹೆಡ್‌ಲೈಟ್ ಸತ್ತಿದ್ದವು. ಡ್ರೈವರ್ ಕೆಳಗಿಳಿದು ತಲೆ ಕೆರೆಯುತ್ತಿದ್ದ. ನನ್ನ ದೀಪ ನೋಡಿದ.

“ಅಜ್ಜಾರ, ಇದು ಸೈಕಲ್ಲೇನ್ರಿ? ನಾ ಲಾರಿ ಬಂತು ಅನ್ಕೊಂಡೆ.”

“ಸೈಕಲ್ರಿ.”

“ಕಾತ್ರಜ ಚೌಕದ ತನಕ ನಮ್ಮ ಮುಂದ ನಡೀರಿ. ಅಲ್ಲಿ ಬೆಳಕದ, ರಿಪೇರಿಯವ್ರೂ ಅದಾರ.”

ಮುಂದೆ ನಾನು. ಹಿಂದೆ ಬಸ್ಸು. ಬಸ್ಸಿನಲ್ಲಿ ನಲವತ್ತು ಜನ. ಎಡಕ್ಕೆ ಗುಂಡಿ ಬಂದರೆ ಎಡಗೈ ಎತ್ತುತ್ತಿದ್ದೆ, ಬಸ್ಸು ಬಲಕ್ಕೆ ಸರಿಯುತ್ತಿತ್ತು. ನಾಯಿಗಳು ಬೊಗಳುವುದನ್ನು ಬಿಟ್ಟು ನೋಡಿದವು. ಮದುವೆಯ ಮೆರವಣಿಗೆ ಬಿಟ್ಟರೆ ನನ್ನ ಹಿಂದೆ ಅಷ್ಟು ಜನ ಬಂದದ್ದು ಅವತ್ತೇ.

ಕಿಟಕಿಯಿಂದ ಒಂದು ಹೆಣ್ಣು ದನಿ ಬಂತು. “ಡ್ರೈವರ್ರ, ಹಾರ್ನ್ ಹೊಡೀರಿ! ಯಾರ್ರೀ ಆ ಮುದುಕ? ಅವಗ ಹೇಳೋರು ಕೇಳೋರು ಮನ್ಯಾಗ ಯಾರೂ ಇಲ್ಲೇನು?”

ಗುರುತಿನ ದನಿ. ಮಗಳು ಒಂದು ದಿನ ಮೊದಲೇ ಬಂದಿದ್ದಳು. ನಾನು ತಿರುಗಲಿಲ್ಲ. ಪೆಡಲ್ ತುಳಿದೆ.

ಚೌಕದಲ್ಲಿ ಜನ ಇಳಿದರು. ಕಂಡಕ್ಟರ್ ಅವಳಿಗೆ ಹೇಳಿದ: “ಅಕ್ಕಾರ, ಆ ಮುದುಕ ಇಲ್ಲಂದ್ರ ಬೆಳಗಾಗೋ ತನಕ ಕತ್ತಲಾಗ ಕೂಡ್ತಿದ್ರಿ. ಹೋಗಿ ಕೈ ಮುಗೀರಿ.”

ಬಂದಳು. ಮೊದಲು ಸೈಕಲ್ ನೋಡಿದಳು. ಆಮೇಲೆ ಕ್ಯಾರಿಯರ್. ಆಮೇಲೆ ನನ್ನನ್ನು.

“ಇಂಥಾ ದೀಪ ಎಲ್ಲಿ ಸಿಗ್ತದ್ರಿ ಅಜ್ಜಾರ?” ಡ್ರೈವರ್ ಕೇಳಿದ.

“ಸದಾಶಿವ ಪೇಠ್ಯಾಗ. ಒಂದಕ್ಕ ಹತ್ತು ನಿಮಿಷ ಇದ್ದಾಗ ಹೋಗ್ರಿ.”

ಗುಜರಿಯ ಮಾತು ಬರಲಿಲ್ಲ. ಮಗಳು ಸೈಕಲ್ಲಿಗೆ ಒಂದು ಸುತ್ತು ಹಾಕಿದಳು. ಏನಾದರೂ ತಪ್ಪು ಹುಡುಕಲೇಬೇಕಲ್ಲ. “ಹಿಂದ ಕೆಂಪು ದೀಪ ಇಲ್ಲ.”

“ಹಿಂದ ಬಸ್ ಇತ್ತಲ್ಲ,” ಅಂದೆ.

ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚೀಲ ಹೆಗಲಿಗೆ ಹಾಕಿ ಕ್ಯಾರಿಯರ್ ಹತ್ತಿದಳು. “ನಡೀ. ಹಿಟ್ಟಿಗೆ ಹೊತ್ತಾತು.”

ಸ್ವಲ್ಪ ಮುಂದೆ ಎಡಕ್ಕೆ ಗುಂಡಿ. ದೀಪದಲ್ಲಿ ಹಗಲಿನಂತೆ ಕಾಣುತ್ತಿತ್ತು. ಆದರೂ ಎಡಬೆನ್ನಿಗೆ ಗುದ್ದು ಬಿತ್ತು.

“ಕಾಣಸ್ತದವ್ವಾ,” ಅಂದೆ.

ಬಲಬೆನ್ನಿಗೂ ಒಂದು ಬಿತ್ತು.

“ಬಲಕ್ಕ ಗುಂಡಿ ಎಲ್ಲದ?”

“ಇದು ಗುಂಡಿಗಲ್ಲ,” ಅಂದಳು. “ಅವತ್ತ ಬಿದ್ದದ್ದಕ್ಕ.”